ಮುಕ್ಕಾಲುವಾಸಿ

ಒಂದು ಮಧ್ಯಾಹ್ನ ಎಂಟನೆಯ ತರಗತಿಯ ಪಾಠ ಮುಗಿಸಿ, ಟಿಕೋಟಾದ ನಮ್ಮ ಹೈಸ್ಕೂಲಿನ ಅಂಗಳ ದಾಟಿ ಸ್ಟಾಫ್ ರೂಮಿನ ಕಡೆ ನಡೆಯುತ್ತಿದ್ದೆ. ಹಿಂದಿನಿಂದ ಗಣಿತದ ಮೇಡಂ ಕೂಗಿದರು.

“ಶೈಲಾ ಮೇಡಂ, ಚಪ್ಪಲಿ ಅಲ್ಲೇ ಬಿಟ್ಟು ಹೊಂಟೀರಲ್ರೀ!”

ತಿರುಗಿ ನೋಡಿದೆ. ನನ್ನ ಎಡಗಾಲಿನ ಚಪ್ಪಲಿ ತರಗತಿಯ ಬಾಗಿಲ ಹತ್ತಿರ ಬಿದ್ದಿತ್ತು. ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಅಷ್ಟು ದೂರ ಬರಿಗಾಲಲ್ಲಿ ಬಂದಿದ್ದೆ. ಕಾಲಿಗೆ ಬಿಸಿ ತಾಗಿರಲಿಲ್ಲ, ಚಪ್ಪಲಿ ಜಾರಿದ್ದೂ ಗೊತ್ತಾಗಿರಲಿಲ್ಲ. ಮೇಡಂ ನಗುತ್ತಿದ್ದರು. ನಾನೂ ನಕ್ಕು, ಹೋಗಿ ಮೆಟ್ಟಿಕೊಂಡು ಬಂದೆ. ಸ್ಟಾಫ್ ರೂಮಿನಲ್ಲಿ ಕೂತು ಮೇಜಿನ ಕೆಳಗೆ ಎಡಗಾಲಿನ ಹೆಬ್ಬೆರಳನ್ನು ಮೇಲೆತ್ತಲು ನೋಡಿದೆ. ಅದು ಎದ್ದಿತು, ಆದರೆ ಯಾರೋ ಹೇಳಿದ್ದಕ್ಕೆ ಒಲ್ಲದ ಮನಸ್ಸಿನಿಂದ ಎದ್ದ ಹಾಗೆ.

ಬೆನ್ನುನೋವು ಶುರುವಾಗಿ ಅಷ್ಟೊತ್ತಿಗೆ ಎಷ್ಟೋ ತಿಂಗಳಾಗಿತ್ತು. ನಮ್ಮ ಮನೆ ವಿಜಯಪುರದಲ್ಲಿ, ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ. ದಿನಾ ಬಸ್ಸಿನಲ್ಲಿ ಟಿಕೋಟಾಕ್ಕೆ ಹೋಗಿ ಬರುವವಳಿಗೆ, ನಿಂತೇ ಪಾಠ ಮಾಡುವವಳಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ ಎಂದು ನಾನೂ ಅಂದುಕೊಂಡಿದ್ದೆ, ಉಳಿದವರೂ ಅಂದಿದ್ದರು. ನನ್ನ ಗಂಡ ಬಸವರಾಜ ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಅವರು ಒಬ್ಬ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಆ ಡಾಕ್ಟರು ಡಿಸ್ಕ್ ಸರಿದಿರಬೇಕು ಎಂದು ಸೊಂಟಕ್ಕೆ ಪಟ್ಟಿ, ನೋವಿನ ಗುಳಿಗೆ ಕೊಟ್ಟಿದ್ದರು. ಪಟ್ಟಿ ಕಟ್ಟಿಕೊಂಡು ಪಾಠ ಮಾಡುತ್ತಿದ್ದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ದಣಿವು ಎಂದುಕೊಂಡೆ. ತೂಕ ಇಳಿಯುತ್ತಿತ್ತು. ಕಂಡವರೆಲ್ಲ “ಸಣ್ಣ ಆಗೀರಿ ಮೇಡಂ, ಚಲೋ ಕಾಣಸ್ತೀರಿ” ಎನ್ನುತ್ತಿದ್ದರು. ಸುಳ್ಳೇಕೆ, ನನಗೂ ಖುಷಿಯಾಗುತ್ತಿತ್ತು.

ಆ ದಿನ ಸಂಜೆ ಚಪ್ಪಲಿಯ ಸಂಗತಿ ಹೇಳಿದಾಗ ಬಸವರಾಜ ನಗಲಿಲ್ಲ. “ಕಣ್ಣ ಮುಚ್ಚು” ಎಂದರು. ಮುಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ “ಈಗ ಏನ್ ಮಾಡಾಕತ್ತೇನಿ ಹೇಳು” ಎಂದರು.

“ಏನ್ ಮಾಡಾಕತ್ತೀರಿ? ಸುಮ್ನ ಕೂತೀರಿ.”

ಕಣ್ಣು ತೆರೆದೆ. ನನ್ನ ಎಡಗಾಲಿನ ಬೆರಳನ್ನು ಅವರು ಬಿಗಿಯಾಗಿ ಹಿಸುಕಿ ಹಿಡಿದಿದ್ದರು.

ಮರುದಿನ ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ಸುದ್ದಿ ಕೇಳಿ ನಿಡೋಣಿಯಿಂದ ಅವ್ವ ಮೊದಲ ಬಸ್ಸಿಗೇ ಬಂದಿದ್ದಳು, ಕೈಯಲ್ಲಿ ರೊಟ್ಟಿಗಂಟು. ಸ್ಕ್ಯಾನಿಂಗಿನ ಹೊರಗಿನ ಕಬ್ಬಿಣದ ಕುರ್ಚಿಗಳಲ್ಲಿ ಸಾಲಾಗಿ ಕೂತೆವು. ಆ ಕುರ್ಚಿಗಳ ಮೇಲೆ ಕಳೆದ ಹೊತ್ತು ನನಗೆ ಕಾಯಿಲೆಗಿಂತ ಹೆಚ್ಚು ನೆನಪಿದೆ. ಒಳಗಿಂದ ಯಾರ ಹೆಸರು ಕರೆದರೂ ಎಲ್ಲರೂ ಒಮ್ಮೆ ಎದೆ ನೆಟ್ಟಗೆ ಮಾಡಿ ಕೂರುತ್ತಿದ್ದರು. ಕರೆದದ್ದು ತಮ್ಮ ಹೆಸರಲ್ಲ ಎಂದು ತಿಳಿದು ಮತ್ತೆ ಕುಗ್ಗುತ್ತಿದ್ದರು. ಅವ್ವ ಮಾತ್ರ ಪಕ್ಕದವರನ್ನೆಲ್ಲ ಮಾತಾಡಿಸಿ, ಯಾರಿಗೆ ಏನು, ಯಾವ ಊರು ಎಂದು ತಿಳಿದುಕೊಂಡು, ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಹಂಚತೊಡಗಿದಳು. ನನಗೆ ನಾಚಿಕೆಯಾಯಿತು. ಆದರೆ ಎಲ್ಲರೂ ತಿಂದರು. ಬಹಳ ಜನ ಬೆಳಗಿನಿಂದ ಏನೂ ತಿಂದಿರಲಿಲ್ಲ.

ಸ್ಕ್ಯಾನಿನಲ್ಲಿ ಬೆನ್ನೆಲುಬಿನ ಎರಡು ಮಣಿಗಳು ತಿಂದುಹೋದ ಹಾಗೆ ಕಂಡವು. ಅವುಗಳ ಪಕ್ಕದಲ್ಲಿ ಕೀವು ತುಂಬಿ ನರವನ್ನು ಒತ್ತುತ್ತಿತ್ತು. ಇದು ಎರಡರಲ್ಲಿ ಒಂದು ಇರಬಹುದು, ಸೂಜಿ ಹಾಕಿ ತುಣುಕು ತೆಗೆದು ನೋಡಿದ ಮೇಲೆಯೇ ಹೇಳುತ್ತೇವೆ ಎಂದರು. ಎರಡರಲ್ಲಿ ಒಂದರ ಹೆಸರನ್ನು ಡಾಕ್ಟರು ಹೇಳಲಿಲ್ಲ, ನಾವು ಕೇಳಲಿಲ್ಲ. ವರದಿ ಬರುವವರೆಗೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಮಗಳು ಮೇಘಾ ಆಗ ಮೂರನೆಯ ತರಗತಿ. ಅವಳ ಯೂನಿಫಾರ್ಮಿಗೆ ಗುಂಡಿ ಹೊಲಿಯುತ್ತ, ಮುಂದಿನ ವರ್ಷ ಇದನ್ನು ಯಾರು ಹೊಲಿಯುತ್ತಾರೋ ಎಂದುಕೊಂಡದ್ದು ನೆನಪಿದೆ. ಅಳು ಬರಲಿಲ್ಲ. ಗುಂಡಿಯನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೊಲಿದೆ.

ವರದಿ ಬಂದ ದಿನ ಡಾಕ್ಟರು ನಮ್ಮ ಮೂವರನ್ನೂ ಒಳಗೆ ಕರೆದು ಕೂರಿಸಿದರು. ಅವರು ಮೈಸೂರು ಕಡೆಯವರು, ನಮ್ಮೂರಿಗೆ ಬಂದು ಬಹಳ ದಿನವಾಗಿರಲಿಲ್ಲ.

“ಬೆನ್ನುಮೂಳೆಯ ಟಿ.ಬಿ. ಅಮ್ಮ. ಇನ್ನೊಂದಲ್ಲ. ಒಂದೂವರೆ ವರ್ಷ ಮಾತ್ರೆ ತಗೋಬೇಕಾಗಬಹುದು. ಮೊದಲ ಕೆಲವು ತಿಂಗಳು ಮಲಗೇ ಇರಬೇಕು, ಎದ್ದು ಓಡಾಡೋ ಹಾಗಿಲ್ಲ. ಬಗ್ಗಬಾರದು, ತಿರುಚಬಾರದು. ಭಯ ಪಡ್ಬೇಡಿ. ವಾಸಿಯಾಗುತ್ತೆ.”

ಬಸವರಾಜ ದೊಡ್ಡದಾಗಿ ಉಸಿರು ಬಿಟ್ಟರು. ನನಗೆ ಕೈಕಾಲು ಹಗುರಾದವು. ಟಿ.ಬಿ. ಎಂದು ಕೇಳಿ ನಿರಾಳವಾಗುವ ದಿನವೊಂದು ನನ್ನ ಬಾಳಿನಲ್ಲಿ ಬರುತ್ತದೆಂದು ನಾನು ತಿಳಿದಿರಲಿಲ್ಲ. ಉಸಿರಿನಿಂದ ಹರಡುವ ಜಾತಿಯದಲ್ಲ, ಮಗಳನ್ನು ಪಕ್ಕದಲ್ಲೇ ಮಲಗಿಸಿಕೊಳ್ಳಬಹುದು ಎಂದೂ ಡಾಕ್ಟರು ಹೇಳಿದರು. ಆದರೆ ಅವ್ವನ ಮುಖ ಬಿಳಚಿಕೊಂಡಿತ್ತು. ಹೊರಗೆ ಬಂದ ಮೇಲೂ ಒಂದು ಮಾತಾಡಲಿಲ್ಲ. ಸಂಜೆಯ ಬಸ್ಸಿಗೆ ನಿಡೋಣಿಗೆ ಹೋಗಿಬಿಟ್ಟಳು. ಇಂಥ ಹೊತ್ತಿನಲ್ಲಿ ಹೋದಳಲ್ಲ ಎಂದು ನನಗೆ ಬಹಳ ನೋವಾಯಿತು.

ಮರುದಿನ ಮಧ್ಯಾಹ್ನ ನಮ್ಮ ಬಾಗಿಲಿಗೆ ಆಟೋ ಬಂದು ನಿಂತಿತು. ಅವ್ವ ಇಳಿದಳು. ಟ್ರಂಕು ಇಳಿಯಿತು, ಕೌದಿ ಇಳಿಯಿತು, ಜೋಳದ ಹಿಟ್ಟಿನ ಡಬ್ಬಿ ಇಳಿಯಿತು.

“ಇದೇನ ಬೇ, ಇಷ್ಟೆಲ್ಲಾ ತಂದೀ?” ಎಂದೆ ಮಲಗಿದಲ್ಲಿಂದಲೇ.

“ತರಬೇಕಲ್ಲವಾ. ಡಾಕ್ಟರ ಏನಂದ್ರು, ಕೇಳಿಲ್ಲೇನ ನೀ? ಅದು ವಾಸ ಆಗತೈತಿ ಅಂದ್ರು. ಅದು ಇಲ್ಲೇ ವಾಸ ಮಾಡೂದಿದ್ರ ನಾನೂ ಇಲ್ಲೇ ವಾಸ ಮಾಡ್ತೇನಿ. ನಿನ್ನ ತಮ್ಮಗ ಹೇಳಿ ಬಂದೇನಿ, ಮನಿ, ಹೊಲ ನೀವ ನೋಡ್ಕೋರಿ ಅಂತ.”

ನಾನೂ ಬಸವರಾಜರೂ ಮುಖ ಮುಖ ನೋಡಿಕೊಂಡೆವು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಕಡೆ ಜಡ್ಡು ಹೋದರೆ ‘ಆರಾಮ ಆತು’ ಎನ್ನುತ್ತೇವೆ, ‘ಕಡಿಮಿ ಆತು’ ಎನ್ನುತ್ತೇವೆ, ‘ನೆಟ್ಟಗಾದ’ ಎನ್ನುತ್ತೇವೆ. ‘ವಾಸಿ’ ನಮ್ಮ ಅಡುಗೆಮನೆಯ ಮಾತಲ್ಲ. ಅವ್ವ ಅದನ್ನು ಟಿ.ವಿ.ಯಲ್ಲಿ ಎಷ್ಟೋ ಸಲ ಕೇಳಿರಬಹುದು. ಆದರೆ ಆ ದಿನ ಹೆದರಿ ಕೂತಿದ್ದ ಅವಳ ಕಿವಿಗೆ ಅದು ನಿವಾಸಿಯ ವಾಸಿಯಾಗಿ ಬಿದ್ದಿತ್ತು. ರೋಗ ಮಗಳ ಬೆನ್ನಿನಲ್ಲಿ ಮನೆ ಮಾಡಿಕೊಂಡಿದೆ, ಇನ್ನು ಬಿಡುವುದಿಲ್ಲ ಎಂದು ತಿಳಿದು ಒಂದು ರಾತ್ರಿಯೆಲ್ಲ ಒಬ್ಬಳೇ ಅದನ್ನು ಹೊತ್ತುಕೊಂಡು ಕೂತಿದ್ದಳು.

“ಅತ್ತೀ, ವಾಸಿ ಆಗತೈತಿ ಅಂದ್ರ ಆರಾಮ ಆಗತೈತಿ ಅಂತ ಅರ್ಥರೀ” ಎಂದರು ಬಸವರಾಜ.

ಅವ್ವ ಟ್ರಂಕಿನ ಮೇಲೆ ಕೂತಳು. ನನ್ನ ಕಡೆ ತಿರುಗಿ “ಹೌದೇನ?” ಎಂದಳು. ಹೌದೆಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು, “ಹಂಗಂತ ನೆಟ್ಟಗ ಹೇಳಾಕ ಏನಾಗಿತ್ತ ಆ ಡಾಕ್ಟರಗ” ಎಂದು ಬೈದು, ಹಿಟ್ಟಿನ ಡಬ್ಬಿ ಹೊತ್ತುಕೊಂಡು ಅಡುಗೆಮನೆಗೆ ಹೋದಳು. ಟ್ರಂಕನ್ನು ವಾಪಸು ಒಯ್ಯುವ ಮಾತನ್ನು ಯಾರೂ ಎತ್ತಲಿಲ್ಲ.

ಹೀಗೆ ಮಲಗುವ ದಿನಗಳು ಶುರುವಾದವು. ಗಟ್ಟಿಯಾದ ಪ್ಲಾಸ್ಟಿಕ್ಕಿನ ಕವಚವೊಂದನ್ನು ಕುತ್ತಿಗೆಯ ಕೆಳಗಿನಿಂದ ಸೊಂಟದವರೆಗೆ ಕಟ್ಟಿದರು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಮುಷ್ಟಿ ತುಂಬ ಗುಳಿಗೆ. ನುಂಗಿದ ಮೇಲೆ ಬಹಳ ಹೊತ್ತು ವಾಕರಿಕೆ. ಮೊದಲ ದಿನ ಮೂತ್ರ ಕೇಸರಿ ಬಣ್ಣಕ್ಕೆ ಬಂದಾಗ ರಕ್ತ ಎಂದು ಕಿರುಚಿಕೊಂಡೆ. ಅದು ಗುಳಿಗೆಯ ಬಣ್ಣ ಎಂದು ಟಿ.ಬಿ. ಕೇಂದ್ರದ ಸಿಸ್ಟರ್ ಫೋನಿನಲ್ಲಿ ಸಮಾಧಾನ ಹೇಳಿದರು. ಹಾಸಿಗೆಯ ಮೇಲೆ ಬೇಸಿನ್ ಹಿಡಿಸಿಕೊಳ್ಳುವುದು, ಅವ್ವನ ಕೈಯಿಂದ ಮೈ ಒರೆಸಿಸಿಕೊಳ್ಳುವುದು, ಇವೆಲ್ಲ ಒಂದು ವಾರದಲ್ಲಿ ರೂಢಿಯಾದವು. ರೂಢಿಯಾಗದೇ ಉಳಿದದ್ದು ಮೇಲಿನ ಚಾವಣಿ. ಒಂದೇ ಚಾವಣಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಎಷ್ಟು ನೋಡುವುದು?

ಪುಸ್ತಕ ಓದೋಣವೆಂದರೆ ಎತ್ತಿ ಹಿಡಿದ ಕೈ ಬೇಗ ಸೋಲುತ್ತಿತ್ತು. ಒಂದೊಂದು ಪುಟ ಸಾಕೆನಿಸುವ ಪುಸ್ತಕ ಬೇಕಿತ್ತು. ಆಗ ನೆನಪಾದದ್ದು ನಿಘಂಟು. ನಾನು ಕನ್ನಡದ ಟೀಚರ್. ಮಕ್ಕಳಿಗೆ ಶಬ್ದಾರ್ಥ ಬರೆಸುತ್ತ ವರ್ಷಗಳನ್ನು ಕಳೆದವಳು. ಆದರೂ ಅವ್ವನಿಗೆ ವಾಸಿ ಎಂದರೆ ಆರಾಮ ಎಂದು ಹೇಳಿದೆನೇ ಹೊರತು, ಅದು ಎಲ್ಲಿಯ ಶಬ್ದ, ನಿಜಕ್ಕೂ ಅದರ ಅರ್ಥವೇನು ಎಂದು ಎಂದೂ ಯೋಚಿಸಿರಲಿಲ್ಲ. ಬಸವರಾಜ ಅಟ್ಟದ ಮೇಲಿಂದ ನನ್ನ ಹಳೆಯ ನಿಘಂಟನ್ನು ಇಳಿಸಿ, ಭಾರವೆಂದು ಬೈಂಡು ಬಿಚ್ಚಿ, ಬೇಕಾದ ಹಾಳೆಗಳನ್ನು ಬಿಡಿ ಮಾಡಿ ಕೊಟ್ಟರು.

ಅವ್ವ ಕೇಳಿದ ವಾಸಿ ಸಂಸ್ಕೃತದ್ದು. ವಾಸಿಸುವವನು ವಾಸಿ, ನಗರವಾಸಿ, ವನವಾಸಿ. ಡಾಕ್ಟರು ಹೇಳಿದ ವಾಸಿ ಬೇರೆ, ಅದು ನಮ್ಮ ದ್ರಾವಿಡ ನೆಲದ್ದು. ತಮಿಳಿನಲ್ಲೂ ತೆಲುಗಿನಲ್ಲೂ ಅದಕ್ಕೆ ಒಡಹುಟ್ಟುಗಳಿವೆ. ತಮಿಳಿನಲ್ಲಿ ಅದು ವ್ಯತ್ಯಾಸ, ತೆಲುಗಿನಲ್ಲಿ ಹೆಚ್ಚುಗಾರಿಕೆ, ಹೆಸರುವಾಸಿ ಎನ್ನುವ ಕಡೆಗೆ ಹೊರಳಿದೆ. ಹಳಗನ್ನಡದಲ್ಲಿ ಛಲ, ಪಂತ ಎಂಬ ಅರ್ಥದಲ್ಲೂ ಬರುತ್ತದೆ. ಈ ಎಲ್ಲದರ ಅಡಿಯಲ್ಲಿ ಇರುವುದು ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದು. ಅದಕ್ಕಿಂತ ಇದು ವಾಸಿ, ಎಷ್ಟೋ ವಾಸಿ ಎನ್ನುತ್ತೇವಲ್ಲ, ಅದೇ. ಪಾಲು ಎಂಬ ಅರ್ಥವೂ ಉಂಟು. ಅರೆವಾಸಿ ಎಂದರೆ ಅರ್ಧ, ಮುಕ್ಕಾಲುವಾಸಿ ಎಂದರೆ ನಾಲ್ಕರಲ್ಲಿ ಮೂರು ಪಾಲು. ಹಾಗೆ ನೋಡಿದರೆ ವಾಸಿಯಾಗುವುದು ಎಂದರೆ ಪೂರ್ತಿ ಗುಣವಾಗುವುದು ಅಂತ ಏನಿಲ್ಲ. ನಿನ್ನೆಗಿಂತ ಒಂದು ಪಾಲು ಮೇಲಾಗುವುದು, ಅಷ್ಟೇ.

ಆರಾಮ ಎಂಬುದನ್ನೂ ತೆಗೆದು ನೋಡಿದೆ. ನಾವು ನಮ್ಮದೇ ಎಂದುಕೊಂಡ ಆ ಮಾತು ಪಾರ್ಸಿಯಿಂದ ಬಂದದ್ದು, ಅಲ್ಲಿ ಅದು ವಿಶ್ರಾಂತಿ, ಶಾಂತಿ. ಬಾದಶಹರ ಕಾಲದಿಂದ ಈ ಊರಿನ ಬಾಯಲ್ಲಿ ನಲಿದಾಡಿ, ಜಡ್ಡಿಲ್ಲದಿರುವುದಕ್ಕೇ ಹೆಸರಾಗಿಬಿಟ್ಟಿದೆ. ಡಾಕ್ಟರು ನನಗೆ ಬರೆದುಕೊಟ್ಟದ್ದೂ ಅದನ್ನೇ ಅಲ್ಲವೇ? ಅಲುಗಾಡದೆ ಮಲಗು ಎಂದು. ನಮ್ಮವರ ಮಾತಿನಲ್ಲಿ ಔಷಧಕ್ಕೂ ಅದರ ಫಲಕ್ಕೂ ಒಂದೇ ಶಬ್ದ.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಕಾಳು ಹಸನು ಮಾಡುತ್ತ ಕೇಳಿದಳು.

“ಅಂದ್ರ, ನಿನ್ನಿಕಿಂತ ಇವತ್ತ ಒಂದೀಟ ಚಲೋ ಅಂತಲ್ಲ?”

“ಹೂಂ. ಅಷ್ಟ.”

“ಅಷ್ಟಾದ್ರ ಸಾಕ ಬಿಡವಾ.”

ಮರುದಿನದಿಂದ ಬೆಳಗ್ಗೆ ಚಹಾದ ಜೊತೆ “ಇವತ್ತ ಎಷ್ಟ ವಾಸಿ?” ಎಂದು ಕೇಳತೊಡಗಿದಳು. ಹೆಬ್ಬೆರಳು ಸ್ವಲ್ಪ ಜಾಸ್ತಿ ಎದ್ದ ದಿನ “ಕಾಲುವಾಸಿ” ಎಂದೆ. “ಕಾಲ ವಾಸಿ ಆದ್ರ ಕಾಲುವಾಸಿನ ಅನ್ನಬೇಕಲ್ಲ” ಎಂದು ತಾನೇ ಹೇಳಿ ತಾನೇ ನಕ್ಕಳು. ಕೆಲವು ದಿನ ಏನೂ ಇರುತ್ತಿರಲಿಲ್ಲ. “ನಿನ್ನೆ ಇದ್ದಷ್ಟ” ಎನ್ನುತ್ತಿದ್ದೆ. “ನಿನ್ನೆಕಿಂತ ಕಡಿಮಿ ಇಲ್ಲಲ್ಲ?” ಎಂದು ಖಾತ್ರಿ ಮಾಡಿಕೊಂಡು ಲೋಟ ತೆಗೆದುಕೊಂಡು ಹೋಗುತ್ತಿದ್ದಳು.

ಆ ದಿನಗಳಲ್ಲೇ ಬಬಲೇಶ್ವರದಿಂದ ಗಂಗಕ್ಕ ಬಂದರು. ಗಂಗಕ್ಕ ನನ್ನ ನೆಗೆಣ್ಣಿ, ಬಸವರಾಜರ ಅಣ್ಣನ ಹೆಂಡತಿ. ಅವರದು ಬಬಲೇಶ್ವರದಲ್ಲಿ ಗೊಬ್ಬರ, ಬೀಜದ ಅಂಗಡಿ. ಮಗಳು ಸೌಮ್ಯಾಳಿಗೆ ಮಮದಾಪುರದ ಒಂದು ಮನೆಯಿಂದ ಸಂಬಂಧ ಬಂದಿತ್ತು, ಮಾತುಕತೆ ಮುಕ್ಕಾಲು ಮುಗಿದಿತ್ತು. ಬಂದವರು ಸೇಬು, ಮೋಸಂಬಿ ಇಟ್ಟರು, ನನ್ನ ಹಣೆ ಸವರಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಕೂತರು.

“ಶೈಲಾ, ಸಿಟ್ಟಾಗಬ್ಯಾಡ. ಒಂದ ಮಾತ. ಯಾರ ಕೇಳಿದ್ರೂ ಡಿಸ್ಕ್ ಅಂತ ಹೇಳ್ರಿ. ಟಿ.ಬಿ. ಅನಬ್ಯಾಡ್ರಿ. ಹುಡುಗನ ಮನ್ಯಾವ್ರಿಗೆ ಗೊತ್ತಾತಂದ್ರ ಮನೆತನಕ್ಕ ಹತ್ತೈತಿ ಅಂತಾರ. ನಿಶ್ಚೇ ಆಗೂತನಾ ಅಷ್ಟ.”

ಅವರ ಭಯ ಸುಳ್ಳೇನಲ್ಲ. ಊರಿನಲ್ಲಿ ಹಾಗೆ ಅನ್ನುವವರಿದ್ದಾರೆ. ಬಸವರಾಜ “ಆತು ವೈನಿ” ಎಂದರು. ನಾನೂ ತಲೆಯಾಡಿಸಿದೆ. ಹೋಗುವಾಗ ಗಂಗಕ್ಕ ಕಿಟಕಿಯ ಮೇಲಿದ್ದ ನನ್ನ ಗುಳಿಗೆಗಳ ಮೇಲೆ ಟವೆಲ್ಲೊಂದನ್ನು ಮುಚ್ಚಿಟ್ಟರು. ಅವ್ವ ಅದನ್ನು ನೋಡಿದಳು.

ಡಿಸ್ಕ್ ಎಂದು ಹೇಳುವುದು ಮೊದಲು ಸುಲಭವೆನಿಸಿತು. ಆಮೇಲೆ ಗೊತ್ತಾಯಿತು, ಡಿಸ್ಕಿಗೆ ಔಷಧ ಗೊತ್ತಿಲ್ಲದವರು ಲೋಕದಲ್ಲಿ ಯಾರೂ ಇಲ್ಲ. ಬಂದವರೆಲ್ಲ ಒಂದೊಂದು ಎಣ್ಣೆ, ಒಂದೊಂದು ಆಸನ ಹೇಳಿದರು. “ಮಲಗಿದ್ರ ಇನ್ನೂ ಬಿಗೀತೈತಿ, ಎದ್ದು ಅಡ್ಡಾಡ್ರಿ” ಎಂದರು. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ರಜೆ ಏಕೆ ಎಂಬ ಪ್ರಶ್ನೆ ಕೆಲವರ ಕಣ್ಣಿನಲ್ಲಿ ಕಾಣುತ್ತಿತ್ತು. ನಿಜವಾದ ಕಾಯಿಲೆಯ ಭಯ ಒಳಗೇ ಉಳಿದು, ಸುಳ್ಳು ಕಾಯಿಲೆಗೆ ಸಮಾಧಾನ ಹೇಳಿಸಿಕೊಳ್ಳುತ್ತಿದ್ದೆ. ಅಷ್ಟು ಜನ ಬಂದುಹೋಗುವ ಮನೆಯಲ್ಲಿ ನನ್ನಷ್ಟು ಒಂಟಿ ಯಾರೂ ಇರಲಿಲ್ಲ.

ಒಂದು ಭಾನುವಾರ ಗಂಗಕ್ಕ ಹುಡುಗನ ತಾಯಿಯನ್ನೇ ಕರೆದುಕೊಂಡು ಬಂದರು. ಆಗಲಿರುವ ಬೀಗರು ಪೇಟೆಗೆ ಬಂದವರು, ಜಡ್ಡಿನವಳನ್ನು ಮಾತಾಡಿಸದೆ ಹೋಗುವುದು ಸರಿಯಲ್ಲ ಎಂದು ತಾವೇ ಹೊರಟಿದ್ದರಂತೆ. ಅವರನ್ನು ಇಲ್ಲಿ ನೀಲಮ್ಮ ಎನ್ನುತ್ತೇನೆ. ತೆಳ್ಳನೆಯ ಹೆಂಗಸು, ಇಳಕಲ್ ಸೀರೆ, ಮಾತು ಕಡಿಮೆ. ನನ್ನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತರು.

“ಡಿಸ್ಕ್ ಅಂತಲ್ರೀ?” ಎಂದರು. “ನಮ್ಮೂರ ಕಡೆ ಒಬ್ಬಾಂವ ಅದಾನ್ರಿ. ಬೆನ್ನ ಮ್ಯಾಲ ಮೊಣಕಾಲ ಊರಿ ಒಮ್ಮಿ ಜಗ್ಗಿದಾಂದ್ರ ಸರದದ್ದು ಕೂತ ಬಿಡತೈತಿ. ನಾಳೆ ಮುಂಜಾನೆ ನಮ್ಮ ಗಾಡ್ಯಾಗ ಕಳಿಸ್ತೀನಿ. ಒಲ್ಲೆ ಅನಬ್ಯಾಡ್ರಿ.”

ಗಂಗಕ್ಕ ಬೇಡ ಎನ್ನುತ್ತಾರೆಂದು ನೋಡಿದೆ. ಅವರು ಬಾಯಿ ತೆರೆದು ಮುಚ್ಚಿದರು. ಬಸವರಾಜ ಹೊರಗೆ ಹೋಗಿದ್ದರು. ಬಾಗಿಲಲ್ಲಿ ಚಹಾದ ತಾಟು ಹಿಡಿದು ಅವ್ವ ನಿಂತಿದ್ದಳು. ತಿಂದುಹೋದ ಮಣಿಗಳ ಮೇಲೆ ಯಾರೋ ಮೊಣಕಾಲು ಊರಿ ಜಗ್ಗುವುದು ನನ್ನ ಕಣ್ಣಿಗೆ ಕಟ್ಟಿತು. ಸಂಕೋಚಕ್ಕೆ ಬಿದ್ದು ಒಮ್ಮೆ ಹೂಂ ಎಂದರೆ ಆ ಮನುಷ್ಯ ನಾಳೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

“ಡಿಸ್ಕ್ ಅಲ್ರೀ” ಎಂದೆ. “ಟಿ.ಬಿ. ರೀ. ಬೆನ್ನಿನ ಎಲುಬಿಂದು. ಯಾರೂ ಮುಟ್ಟಿ ಜಗ್ಗೂ ಹಂಗಿಲ್ರಿ.”

ಗಂಗಕ್ಕ ನೆಲ ನೋಡುತ್ತಿದ್ದರು, ಅವರ ಕುತ್ತಿಗೆ ಕೆಂಪಾಗಿತ್ತು. ನೀಲಮ್ಮ ಕುರ್ಚಿಯಿಂದ ಎದ್ದರು. ಹೊರಟರು ಎಂದುಕೊಂಡೆ. ಅವರು ಕುರ್ಚಿಯನ್ನು ಹಿಂದೆ ಸರಿಸಿ ನನ್ನ ಹಾಸಿಗೆಯ ಅಂಚಿನ ಮೇಲೆ, ನನ್ನ ತೋಳಿಗೆ ತಾಗುವಷ್ಟು ಹತ್ತಿರ ಕೂತರು.

“ಗುಳಿಗಿ ಒಂದ ದಿವಸಾನೂ ಬಿಟ್ಟಿಲ್ಲಲ್ಲ?”

“ಇಲ್ರಿ.”

“ಬಿಡಬ್ಯಾಡ್ರಿ. ನಡುವ ಮೈ ಹಗುರ ಆಗತೈತಿ, ಸಾಕಪಾ ಇನ್ನ ಅನಸತೈತಿ. ಆವಾಗನ ಬಿಡಬಾರದ. ವಾಕರಿಕಿ ಬಂದ್ರ ಒಂದೆರಡ ಪುಟಾಣಿ ಕಾಳ ಬಾಯಾಗ ಹಾಕ್ಕೋರಿ.”

ಅವ್ವ ತಂದ ಚಹಾವನ್ನು ಅಲ್ಲೇ ಕೂತು ಕುಡಿದರು. ಗಂಗಕ್ಕ ಲೋಟ ಇಡಲು ಒಳಗೆ ಹೋದಾಗ, ನನ್ನ ಕಡೆ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದರು. “ನಂದು ಎದಿಯಾಗಿಂದ ಆಗಿತ್ರಿ. ಈ ಹುಡುಗ ಹುಟ್ಟೂಕಿಂತ ಮೊದಲ. ತವರ ಮನ್ಯಾಗ ಇದ್ದು ಗುಳಿಗಿ ತೊಗೊಂಡೆ. ಅತ್ತಿ ಮನ್ಯಾಗ ಇವತ್ತಿನತನಾ ಯಾರಿಗೂ ಹೇಳಿಲ್ಲ. ನೀವ ಹಂಗ ಪಟ್ಟಂತ ಹೇಳಿಬಿಟ್ಟ್ರಲ್ಲ, ನನಗ ಒಂಥರಾ ಆತ್ರಿ.”

ಇದನ್ನು ಬರೆಯಲೇ ಎಂದು ಈಚೆಗೆ ಅವರನ್ನು ಕೇಳಿದೆ. ಬಹಳ ಹೊತ್ತು ಯೋಚಿಸಿ, ಹೆಸರು ಬದಲಿಸಿ ಬರೀರಿ ಎಂದರು. ಬದಲಿಸಿದ್ದೇನೆ.

ಆ ದಿನ ಅವರನ್ನು ಕಳಿಸಿ ಬಂದ ಗಂಗಕ್ಕ ನನ್ನ ಜೊತೆ ಮಾತಾಡದೆ ಬಬಲೇಶ್ವರದ ಬಸ್ಸು ಹತ್ತಿದರು. ನೀಲಮ್ಮ ನನಗೆ ಹೇಳಿದ್ದನ್ನು ಗಂಗಕ್ಕನಿಗೆ ಹೇಳುವ ಹಾಗಿರಲಿಲ್ಲ. ಸಂಬಂಧ ಮುರಿದರೆ ಅದು ನನ್ನಿಂದಲೇ ಎಂದು ಅವರು ಬಸವರಾಜರಿಗೆ ಫೋನಿನಲ್ಲಿ ಅಂದರಂತೆ. ಆ ವಾರ ಅವ್ವ ಎಷ್ಟು ವಾಸಿ ಎಂದು ಕೇಳಿದರೆ ನಾನು ಉತ್ತರ ಕೊಡಲಿಲ್ಲ. ಮುಂದಿನ ವಾರ ಮಮದಾಪುರದಿಂದ ನಿಶ್ಚಯಕ್ಕೆ ದಿನ ತೆಗೆಸಿ ಹೇಳಿಕಳಿಸಿದರು.

ಅದಾದ ಮೇಲೆ ಒಂದು ಬೆಳಗ್ಗೆ ಗಂಗಕ್ಕ ತಾವಾಗಿಯೇ ಬಂದರು. ಕ್ಷಮಿಸು ಎನ್ನಲಿಲ್ಲ, ಆ ವಿಷಯವನ್ನೇ ಎತ್ತಲಿಲ್ಲ. “ತಲಿ ತೊಳಕೊಂಡ ಎಷ್ಟ ದಿನಾ ಆತು?” ಎಂದರು. ನನಗೂ ಲೆಕ್ಕವಿರಲಿಲ್ಲ. ನೀರು ಕಾಯಿಸಿ ತಂದು, ನನ್ನನ್ನು ಅಡ್ಡಕ್ಕೆ ಸರಿಸಿ, ತಲೆ ಮಾತ್ರ ಹಾಸಿಗೆಯ ಅಂಚಿನಿಂದ ಆಚೆ ಬರುವ ಹಾಗೆ ಅವ್ವನ ಕೈಗೆ ಕೊಟ್ಟರು. ಕೆಳಗೆ ಬುಟ್ಟಿ ಇಟ್ಟು, ನಿಧಾನವಾಗಿ, ಒಂದು ಹನಿಯೂ ಕವಚದೊಳಗೆ ಇಳಿಯದಂತೆ ಕೂದಲು ತೊಳೆದರು. ಬಿಸಿನೀರು ನೆತ್ತಿಯ ಮೇಲೆ ಬಿದ್ದಾಗ ನನಗೆ ಕಾಯಿಲೆ ಬಂದಾಗಿನಿಂದ ಮೊದಲ ಸಲ ಅಳು ಬಂತು. “ಸೀಗಿಕಾಯಿ ಕಣ್ಣಾಗ ಹೋತೇನು?” ಎಂದರು. ಹೂಂ ಎಂದೆ. ಹೋಗಿರಲಿಲ್ಲ ಎಂದು ಅವರಿಗೂ ಗೊತ್ತಿತ್ತು. ಕಿಟಕಿಯ ಮೇಲಿನ ಟವೆಲ್ಲನ್ನು ಎಳೆದು ಅದರಿಂದಲೇ ನನ್ನ ತಲೆ ಒರೆಸಿದರು.

ಎದ್ದು ಕೂರಲು ಡಾಕ್ಟರು ಒಪ್ಪಿದ ದಿನ ಕೋಣೆ ಗಿರ್ರನೆ ತಿರುಗಿತು. ಮತ್ತೆ ಮಲಗಿದೆ. ಮರುದಿನ ಇನ್ನೂ ಸ್ವಲ್ಪ ಹೊತ್ತು ಕೂತೆ. ಆಮೇಲೆ ವಾಕರ್ ಬಂತು. ಮೇಘಾ ಎದುರಿಗೆ ಹಿಂದೆ ಹಿಂದೆ ನಡೆಯುತ್ತ “ಬಾ ಬಾ” ಎನ್ನುತ್ತಿದ್ದಳು, ಅವಳಿಗೆ ನಡೆಯಲು ಕಲಿಸುವಾಗ ನಾನು ಮಾಡಿದ ಹಾಗೆಯೇ. ಮಳೆಗಾಲ ಮುಗಿಯುವ ಹೊತ್ತಿಗೆ ಬಸವರಾಜ ಬೆಳಗ್ಗೆ ನನ್ನನ್ನು ಗುಮ್ಮಟದ ತೋಟಕ್ಕೆ ಕರೆದೊಯ್ಯತೊಡಗಿದರು. ವಾಕಿಂಗಿಗೆ ಬರುವ ಮುದುಕರು ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದರು, ಒಂದು ಸುತ್ತು ಮುಗಿಸಿ ಮತ್ತೆ ದಾಟುತ್ತಿದ್ದರು. ಅವರಲ್ಲಿ ಒಬ್ಬರು ಒಂದು ದಿನ ನಿಂತು, “ನಿನ್ನೆ ಆ ಬೆಂಚಿನತನಾ ಅಷ್ಟ ಬಂದಿದ್ರಿ. ಇವತ್ತ ಗಿಡದತನಾ ಬಂದೀರಲ್ರೀ” ಎಂದರು. ಯಾರೋ ಪರಿಚಯವಿಲ್ಲದವರು ಗಮನಿಸುತ್ತಿದ್ದರು ಎಂಬುದೇ ಆ ದಿನಕ್ಕೆ ಸಾಕಾಯಿತು.

ಸೌಮ್ಯಾಳ ಮದುವೆಗೆ ಕವಚದ ಮೇಲೆಯೇ ಸೀರೆ ಉಟ್ಟು ಹೋದೆ. ಊಟಕ್ಕೆ ಕುರ್ಚಿ ಹಾಕಿಸಿದ್ದರು. ನೀಲಮ್ಮ ದೂರದಿಂದ ನನ್ನನ್ನು ಕಂಡು, ಗುಳಿಗೆ ಬಾಯಿಗೆ ಹಾಕಿಕೊಳ್ಳುವ ಸನ್ನೆ ಮಾಡಿ ಹುಬ್ಬು ಏರಿಸಿದರು. ಹೌದೆಂದು ತಲೆಯಾಡಿಸಿದೆ. ಅಷ್ಟು ಜನರ ಗದ್ದಲದಲ್ಲಿ ಅದು ಬೇರೆ ಯಾರಿಗೂ ತಿಳಿಯಲಿಲ್ಲ.

ಕೊನೆಗೆ ಗುಳಿಗೆ ನಿಲ್ಲಿಸಿದರು. ಡಾಕ್ಟರು ಹೊಸ ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸೂಜಿಯ ತುದಿಯಿಂದ ನನ್ನ ಪಾದ ಚುಚ್ಚಿ, ಎಲ್ಲಿ ಗೊತ್ತಾಗುತ್ತದೆ ಎಂದು ಕೇಳಿದರು. ಎಡಗಾಲಿನ ಹೊರ ಅಂಚಿನಲ್ಲಿ ಇಂದಿಗೂ ಗೊತ್ತಾಗುವುದಿಲ್ಲ. ದಣಿದಾಗ ಆ ಕಾಲು ತುಸು ಎಳೆಯುತ್ತದೆ.

“ಇದು ಇಷ್ಟೇ ಉಳೀಬಹುದು” ಎಂದರು. “ರೋಗ ಪೂರ್ತಿ ಹೋಗಿದೆ. ಕಾಲು ಮುಕ್ಕಾಲುವಾಸಿ ಅಂತಿಟ್ಕೊಳ್ಳಿ.”

ಆ ಶಬ್ದ ನಮ್ಮ ಮನೆಯಲ್ಲಿ ಎಷ್ಟು ಓಡಾಡಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವ್ವ ಮಾತ್ರ ನನ್ನ ಕಡೆ ನೋಡಿ, ಕೇಳಿದೆಯಾ ಎಂಬಂತೆ ಕಣ್ಣು ಮಿಟುಕಿಸಿದಳು. ಆ ವಾರವೇ ಟ್ರಂಕು, ಕೌದಿ ಕಟ್ಟಿಕೊಂಡು ನಿಡೋಣಿಗೆ ಹೋದಳು. ಹೊಲದ ಕೆಲಸ ಬಿದ್ದಿದೆ ಎಂದಳು. ಮನೆ ಖಾಲಿ ಖಾಲಿ ಎನಿಸಿತು, ಆದರೆ ತಡೆಯಲಿಲ್ಲ.

ನಾನು ಮತ್ತೆ ಟಿಕೋಟಾದ ಬಸ್ಸು ಹಿಡಿದೆ. ಈಗ ಕೂತು ಪಾಠ ಮಾಡುತ್ತೇನೆ. ಹಿಂದಿನ ಬೆಂಚಿನವರಿಗೆ ಇದು ಅನುಕೂಲವೇ ಆಗಿದೆ.

ಕಾಯಿಲೆ ಹೋದರೂ ಅದರ ಭಯ ಹೋಗಲು ಬೇರೆ ಕಾಲ ಬೇಕು. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಕಳೆದ ಬೇಸಿಗೆ ರಜೆಯಲ್ಲಿ ಒಂದು ದಿನ ಕಪಾಟು ಸರಿಸಲು ಹೋದೆ. ಸೊಂಟದಲ್ಲಿ ಚಳಕು ಹೊಡೆಯಿತು. ಅಲ್ಲೇ ನಿಂತೆ. ಯಾರಿಗೂ ಹೇಳಲಿಲ್ಲ. ಸಂಜೆ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಜ್ವರ ನೋಡಿಕೊಂಡೆ. ಬೆರಳುಗಳನ್ನು ಒಂದೊಂದಾಗಿ ಆಡಿಸಿದೆ. ತಕ್ಕಡಿಯ ಮೇಲೆ ನಿಂತೆ, ಇಳಿದು ಮತ್ತೆ ನಿಂತೆ. ಊಟದ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಆ ಕವಚ, ಆ ಚಾವಣಿ ಎಲ್ಲ ವಾಪಸು ಬಂದಾಗಿತ್ತು. ಬಸವರಾಜ ತಾಟಿನಿಂದ ತಲೆ ಎತ್ತಿ “ಎಲ್ಲಿ ನೋಯ್ತೈತಿ?” ಎಂದರು. ಅವರಿಗೆ ನಾನು ಏನನ್ನೂ ಹೇಳಬೇಕಾಗಿರಲಿಲ್ಲ.

ಮತ್ತೆ ಅದೇ ಆಸ್ಪತ್ರೆ, ಅದೇ ಕಬ್ಬಿಣದ ಕುರ್ಚಿಗಳು. ಫೋನು ಮಾಡಿದ್ದಕ್ಕೆ ಅವ್ವನೂ ಬಂದಳು. ರಕ್ತ ಕೊಟ್ಟೆ, ಎಕ್ಸ್‌ರೇ ತೆಗೆಸಿದೆ. ನನ್ನ ಹೆಸರು ಕರೆದಾಗ ಎದ್ದು ಒಳಗೆ ಹೋದೆ. ಡಾಕ್ಟರು ನನ್ನ ಬೆನ್ನನ್ನು ಒತ್ತಿ ನೋಡಿದರು, ಚಿತ್ರಗಳನ್ನು ಹಳೆಯವುಗಳ ಪಕ್ಕ ಇಟ್ಟು ನೋಡಿದರು.

“ಏನೂ ಇಲ್ಲಮ್ಮ. ಕಪಾಟು ಎಳೆದಿದ್ದಕ್ಕೆ ಉಳುಕಿದೆ. ಬರೀ ಬೆನ್ನುನೋವು.”

“ಬರೀ ಬೆನ್ನುನೋವಾ?”

“ಬರೀ ಬೆನ್ನುನೋವು. ಎಲ್ಲರಿಗೂ ಬರುತ್ತಲ್ಲ, ಅದೇ. ಮುಲಾಮು ಹಚ್ಚಿ, ಎರಡು ದಿನ ಭಾರ ಎತ್ತಬೇಡಿ.”

ಮನೆಗೆ ಬಂದ ಮೇಲೆ ಬಸವರಾಜ ಮುಲಾಮು ಹಚ್ಚಿ, ಬಿಸಿನೀರಿನ ಚೀಲ ಕೊಟ್ಟು ಕಚೇರಿಗೆ ಹೋದರು. ಮೇಘಾ ಆಡಲು ಹೋದಳು. ನಾನು ಮಗ್ಗುಲಾಗಿ ಮಲಗಿದೆ. ನೋವು ಚೆನ್ನಾಗಿಯೇ ಇತ್ತು. ಸಂಜೆ ಹೊರಳುವಾಗ “ಅಯ್ಯಯ್ಯೋ, ಯವ್ವಾ ನನ್ನ ಸೊಂಟಾ” ಎಂದೆ.

“ಏನ ಒದರ್ತೀ ಬೇ, ಕಪಾಟ ಜಗ್ಗು ಅಂತ ಯಾರ ಹೇಳಿದ್ರ ನಿನಗ?” ಎಂದು ಅಡುಗೆಮನೆಯಿಂದ ಅವ್ವ ಗದರಿದಳು. ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. ಕಚೇರಿಯಿಂದ ಬಂದು ಪೇಪರ್ ಓದುತ್ತಿದ್ದ ಬಸವರಾಜ ಪುಟ ತಿರುಗಿಸಿದರು. ಮೇಘಾ ಟಿ.ವಿ.ಯ ದನಿ ಸ್ವಲ್ಪ ಏರಿಸಿದಳು. 

ನನ್ನ ನರಳಾಟಕ್ಕೆ ಮನೆಯಲ್ಲಿ ಒಬ್ಬರೂ ಎದ್ದು ಬರಲಿಲ್ಲ. ನಾನು ಇನ್ನೂ ಸ್ವಲ್ಪ ಜೋರಾಗಿ ನರಳಿದೆ.